ಐನೂರ ತೊಂಬತ್ತೊಂದು

ಔರಾದ, 27 ನವೆಂಬರ್ 1949, ರವಿವಾರ

ಇದುವರೆಗೆ ನಾನು ಬರೆದದ್ದೆಲ್ಲ ಉರ್ದುವಿನಲ್ಲಿ. ಹಾಜರಿ ಉರ್ದು, ಲೆಕ್ಕದ ಪಾಠ ಉರ್ದು, ಮಾವನವರಿಗೆ ಬರೆದ ಕಾಗದ ಕೂಡ ಉರ್ದು. ಮುಂದಿನ ಜೂನ್‌ನಿಂದ ನಮ್ಮ ಶಾಲೆಯಲ್ಲಿ ಕನ್ನಡದಲ್ಲೇ ಪಾಠವೆಂದು ಹೊಸ ಹೆಡ್‌ಮಾಸ್ತರ ಶಿವರಾಜಪ್ಪನವರು ಹೇಳಿದ್ದಾರೆ. ನಾನು ಕನ್ನಡ ಕಲಿತದ್ದು ಮಠದಲ್ಲಿ, ವಚನ ಓದುತ್ತ. ವಚನದ ಕನ್ನಡದಲ್ಲಿ ತ್ರೈರಾಶಿ ಹೇಳಿಕೊಡಲು ಬರುವುದಿಲ್ಲ. ಕೈ ಪಳಗಲಿ ಎಂದು ಈ ನೋಟ್‌ಬುಕ್ ಶುರು ಮಾಡಿದ್ದೇನೆ. ಇದನ್ನು ಯಾರೂ ಓದಬಾರದು. ಓದಿದರೂ ಕಾಗುಣಿತದ ತಪ್ಪು ಹುಡುಕಬಾರದು.

ನಿಜಾಮರ ಕಾಲದಲ್ಲಿ ರಜೆ ಶುಕ್ರವಾರ ಇತ್ತು. ಹೋದ ವರ್ಷ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ಮೇಲೆ ರವಿವಾರಕ್ಕೆ ಬಂದಿದೆ. ಅಂಥ ರಜೆಯ ದಿನವೇ ಶಿವರಾಜಪ್ಪನವರು ನನ್ನನ್ನು ಕರೆಸಿ ಒಂದು ತೊಗಲಿನ ಫುಟ್‌ಬಾಲು ಕೈಗಿಟ್ಟರು.

"ಬಕ್ಕಪ್ಪ ಮಾಸ್ತರ, ಹುಡುಗೂರ ಟೀಮು ನೀವೇ ನಡಸಬೇಕ್ರಿ."

"ನನಗ ಫುಟ್‌ಬಾಲ್ ಬರಂಗಿಲ್ರಿ."

"ಲೆಕ್ಕ ಬರ್ತದಲ್ರಿ. ವಯಸ್ಸಿನ ಪಟ್ಟಿ ತಪ್ಪಿಲ್ದ ಬರದು ಕೊಡೋರು ಬೇಕಾಗ್ಯಾರ."

ಈ ಮಾತು ಮಾತ್ರ ಸರಿ. ಇಪ್ಪತ್ತು ವರ್ಷದಲ್ಲಿ ನನ್ನ ಲೆಕ್ಕ ಒಮ್ಮೆಯೂ ತಪ್ಪಿಲ್ಲ. ಹೂಂ ಎಂದೆ.

ಲೀಗಿನಲ್ಲಿ ನಾಲ್ಕು ಊರು. ನಿಜಾಮರ ರಾಜ್ಯದ ಸರಹದ್ದಿನ ಈಚೆ ಬೀದರ, ಭಾಲ್ಕಿ, ನಮ್ಮ ಔರಾದ. ಆಚೆ ಮುಂಬಯಿ ಪ್ರಾಂತದ ಬಾರ್ಶಿ. ಹದಿನಾರು ತುಂಬದ ಹುಡುಗರು ಆಡಬೇಕು. ಪ್ರತಿ ಊರು ಪ್ರತಿ ಊರಿನೊಡನೆ ಎರಡು ಸಲ ಆಡಬೇಕು. ಹೋದ ವರ್ಷ ಸರಹದ್ದು ದಾಟುವವರನ್ನು ಬಂದೂಕು ಹಿಡಿದು ವಿಚಾರಿಸುತ್ತಿದ್ದರು. ಈಗ ಚೆಂಡು ಒದೆಯಲು ಬನ್ನಿ ಎನ್ನುತ್ತಿದ್ದಾರೆ.

30 ನವೆಂಬರ್

ಹದಿನೆಂಟು ಹುಡುಗರನ್ನು ಸಾಲಾಗಿ ನಿಲ್ಲಿಸಿ ಚೆಂಡು ಒದೆಯಿರಿ ಎಂದೆ. ಹದಿನೆಂಟು ಮಂದಿಯೂ ಒಟ್ಟಿಗೆ ಓಡಿಬಂದು ಒಬ್ಬರ ಮೇಲೊಬ್ಬರು ಬಿದ್ದರು. ಗೋಲು ಕಾಯುವ ಸಲಾವೋದ್ದೀನ ನನ್ನನ್ನು ಕನಿಕರದಿಂದ ನೋಡಿ, "ಸರ್, ರಶೀದ ಸಾಹೇಬ್ರನ ಕರೀರಿ" ಎಂದ.

ರಶೀದ ಅಹ್ಮದ ನಮ್ಮ ಶಾಲೆಯ ಡ್ರಿಲ್ ಮಾಸ್ತರರಾಗಿದ್ದವರು. ಪೊಲೀಸ್ ಆಕ್ಷನ್ ನಂತರ ಅವರ ನೌಕರಿ ಹೋಯಿತು. ಮನೆ ನಮ್ಮ ಓಣಿಯ ತುದಿಯಲ್ಲೇ ಇದೆ. ಒಂದು ವರ್ಷದಿಂದ ನಾನು ಅವರ ಮನೆಯ ಮುಂದೆ ಹಾದಿಲ್ಲ, ಬಾವಿಯ ಕಡೆಯಿಂದ ಸುತ್ತು ಹಾಕಿ ಶಾಲೆಗೆ ಹೋಗುತ್ತೇನೆ. ಯಾಕೆ ಎಂದು ಇಲ್ಲಿ ಬರೆದರೆ ಬರೆದದ್ದು ಉಳಿಯುತ್ತದೆ. ಆದರೂ ಬರೆಯುತ್ತೇನೆ. ಹೋದ ವರ್ಷ ಸೆಪ್ಟೆಂಬರಿನಲ್ಲಿ, ಮುಸಲ್ಮಾನರ ಮನೆಗಳಿಗೆ ಮಂದಿ ನುಗ್ಗಿದ ಆ ಗಲಾಟೆಯ ವಾರ, ನಾನು ಬಾಗಿಲಿಗೆ ಅಗಳಿ ಹಾಕಿ ಒಳಗೆ ಕುಳಿತಿದ್ದೆ. ಆ ಸಂಜೆ ಯಾರೋ ಬಾಗಿಲು ಬಡಿದರು. ಯಾರೆಂದು ನಾನು ಕೇಳಲಿಲ್ಲ. ರಶೀದ ಸಾಹೇಬರು, ಅವರ ಹೆಂಡತಿ ಮುನವ್ವರ ಬೇಗಂ ಆಮೇಲೆ ಕುರಿಗಾರ ಮಚ್ಛೇಂದ್ರನ ಹಟ್ಟಿಯಲ್ಲಿ ಮೂರು ವಾರ ಕಂಬಳಿ ಹೊದ್ದು ಕುರಿಗಳ ನಡುವೆ ಇದ್ದು ಉಳಿದರು.

ಇವತ್ತು ಅವರ ಮನೆಗೆ ಹೋದೆ. ಏನೂ ಆಗಿಲ್ಲವೆಂಬಂತೆ ಚಹಾ ಕೊಟ್ಟರು.

"ಹಿಸಾಬ್ ನಿಮ್ದು, ಆಟ ನಂದು. ಆದ್ರ ನಾ ಔರಾದ ಬಿಟ್ಟು ಹೊರಗ ಬರಂಗಿಲ್ರಿ, ಮಾಸ್ತರ" ಎಂದರು.

ನನಗೂ ಅಷ್ಟೇ ಸಾಕಾಗಿತ್ತು.

4 ಡಿಸೆಂಬರ್

ಪಟ್ಟಿ ಮುಗಿಯಿತು. ಬೇರೆಯವರಾಗಿದ್ದರೆ ಮೂರು ದಿನ ಬೇಕಾಗುತ್ತಿತ್ತು.

ಶಾಲೆಯ ರಜಿಸ್ಟರಿನಲ್ಲಿ ಹುಟ್ಟಿದ ತಾರೀಖುಗಳೆಲ್ಲ ನಿಜಾಮರ ಫಸಲಿ ಸನ್ನಿನಲ್ಲಿವೆ. ಲೀಗಿನವರಿಗೆ ಇಂಗ್ಲಿಷ್ ಇಸವಿ ಬೇಕು. ಈಗ ನಡೆದಿರುವ ಫಸಲಿ 1359. ಇಸವಿ 1949. ನಡುವಿನ ಅಂತರ 590. ಅಂದರೆ ಎಲ್ಲದಕ್ಕೂ 590 ಕೂಡಿಸಿದರೆ ಮುಗಿಯಿತು. ಭಾಲ್ಕಿಯವರು ಬೀದರದಿಂದ ಎರಡೂ ಸನ್ನಿನ ತಾರೀಖುಗಳಿರುವ ಛಾಪಿಸಿದ ಜಂತ್ರಿ ತರಿಸಿ, ತಿಂಗಳು ತಿಂಗಳು ಹುಡುಕಿ ನೋಡಿ ಬರೆಯುತ್ತಿದ್ದಾರಂತೆ. ನಕ್ಕೆ. ಕೂಡಿಸುವ ಲೆಕ್ಕಕ್ಕೆ ಜಂತ್ರಿ ಯಾಕೆ?

1934ರ ಜನವರಿ ಒಂದರ ನಂತರ ಹುಟ್ಟಿದವರಷ್ಟೇ ಆಡಬಹುದು. ನಾಲ್ವರನ್ನು ಹೊರಗಿಟ್ಟೆ. ಅವರಲ್ಲಿ ಒಬ್ಬ ಮಚ್ಛೇಂದ್ರನ ಮಗ ಧೊಂಡಿಬಾ. ತಿಂಗಳಿಗೆ ಹತ್ತು ದಿನ ಶಾಲೆಗೆ ಬಂದರೆ ಇಪ್ಪತ್ತು ದಿನ ಕುರಿ ಕಾಯುತ್ತಾನೆ. ಅವನದು ಖುರ್ದಾದ್ ತಿಂಗಳು, ಅಂದರೆ ಏಪ್ರಿಲ್, 1343. ಕೂಡಿಸಿದರೆ 1933. ವಯಸ್ಸು ಮೀರಿದೆ. ರಶೀದ ಸಾಹೇಬರ ಮುಖ ಸಣ್ಣದಾಯಿತು.

"ಅವನಿಲ್ದ ಟೀಮ್ ಹ್ಯಾಂಗ ಕಟ್ಟಲಿರಿ? ಇನ್ನೊಮ್ಮಿ ನೋಡ್ರಿ, ಮಾಸ್ತರ."

"ಲೆಕ್ಕ ಲೆಕ್ಕನೇರಿ, ಸಾಹೇಬ್ರೆ. ಇನ್ನೊಮ್ಮಿ ನೋಡಿದ್ರ ಬದಲಾಗ್ತದೇನು?"

ಧೊಂಡಿಬಾ ಕೋಲು ಹೆಗಲಿಗಿಟ್ಟು ಹೋದ.

11 ಡಿಸೆಂಬರ್, ಭಾಲ್ಕಿ

0–5. ಹೊಟ್ಟೆನೋವಿದೆ. ಬರೆಯುವುದಿಲ್ಲ.

18 ಡಿಸೆಂಬರ್, ಔರಾದ

ಬಾರ್ಶಿಯವರು ನಮ್ಮ ಮೈದಾನಕ್ಕೇ ಬಂದು ಆರು ಗೋಲು ಹೊಡೆದು ಹೋದರು. ನಮ್ಮದು ಸೊನ್ನೆ. ಅವರ ಹುಡುಗರ ಎದುರು ನಮ್ಮ ದತ್ತಾತ್ರಿ ನಿಂತಾಗ ಅಪ್ಪನ ಜೊತೆ ಪೇಟೆಗೆ ಬಂದವನಂತೆ ಕಾಣುತ್ತಿದ್ದ. ರಶೀದ ಸಾಹೇಬರು ಪಾನು ಜಗಿಯುವುದನ್ನೂ ಮರೆತು ನೋಡುತ್ತಿದ್ದರು.

"ನಮ್ಮೋರು ಇಷ್ಟು ಸಣ್ಣೋರು ಯಾಕ ಅದಾರ?" ಎಂದು ಎರಡು ಸಲ ಕೇಳಿದರು.

ಕಾರಣ ನನಗೆ ಗೊತ್ತಾಗಿದೆ. ಬಾರ್ಶಿಯವರು ಸುಳ್ಳು ವಯಸ್ಸು ಬರೆಸಿದ್ದಾರೆ. ಅವರಲ್ಲಿ ಇಬ್ಬರಿಗೆ ಮೀಸೆ ಮೂಡಿದೆ. ಮನೆಗೆ ಬಂದವನೇ ಬೀದರದ ಲೀಗ್ ಕಮಿಟಿಗೆ ಎರಡು ಪುಟದ ಫಿರ್ಯಾದು ಬರೆದೆ. "ಶಾಲೆಯ ರಜಿಸ್ಟರೊಂದೇ ಸಾಲದು, ಹುಡುಗ ಹುಟ್ಟಿದ್ದನ್ನು ಕಣ್ಣಾರೆ ಕಂಡವರ ಸಾಕ್ಷಿಯೂ ಬೇಕು" ಎಂದು ಕೊನೆಯ ಸಾಲು ಹಾಕಿದೆ. ಓದಿ ನೋಡಿದೆ. ಬಹಳ ಚೆನ್ನಾಗಿ ಬಂದಿದೆ.

19 ಡಿಸೆಂಬರ್, ಎಳ್ಳಮಾಸಿ

ಹೊಲಕ್ಕೆ ಹೋದೆವು. ನನ್ನ ಹೆಂಡತಿ ಸತ್ಯಮ್ಮ ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಹೊತ್ತು ತಂದಿದ್ದಳು. ಮಚ್ಛೇಂದ್ರನ ಕುರಿಗಳು ನಮ್ಮ ಹೊಲದಲ್ಲೇ ಇವೆ. ಅವಳು ನನಗಿಂತ ಮೊದಲು ಧೊಂಡಿಬಾನಿಗೆ ಬಡಿಸಿದಳು. ಪ್ರತಿ ವರ್ಷ ಹೀಗೇ. ಯಾಕೆ ಎಂದು ನಾನು ಕೇಳಿಲ್ಲ. ಅವಳೂ ಹೇಳಿಲ್ಲ.

ಉಂಡ ಮೇಲೆ ಒಂದು ಸಂಗತಿ ನೋಡಿದೆ. ಧೊಂಡಿಬಾ ಉಣ್ಣೆ ಸುತ್ತಿದ ಒಂದು ಚೆಂಡು ಒದೆಯುತ್ತಿದ್ದ. ರಶೀದ ಸಾಹೇಬರು ಹಟ್ಟಿಯಲ್ಲಿ ಅಡಗಿದ್ದಾಗ ಮಾಡಿಕೊಟ್ಟದ್ದಂತೆ. ಒಂದು ಸಿಳ್ಳಿಗೆ ನೂರು ಕುರಿ ಎಡಕ್ಕೆ ತಿರುಗುತ್ತಿದ್ದವು, ಇನ್ನೊಂದಕ್ಕೆ ನಿಲ್ಲುತ್ತಿದ್ದವು. ಅವುಗಳ ಕಾಲುಗಳ ನಡುವೆಯೇ ಇವನು ಚೆಂಡು ನಡೆಸಿಕೊಂಡು ಹೋಗಿ ಬಂದ. ಒಂದು ಮರಿಗೂ ತಗಲಲಿಲ್ಲ.

ಒಂಬತ್ತು ತಿಂಗಳು ತಡವಾಗಿ ಹುಟ್ಟಿದ್ದರೆ ಇವನಿಗೆ ಏನಾಗುತ್ತಿತ್ತು?

1 ಜನವರಿ 1950

ಬೀದರದವರು ಬಂದಿದ್ದರು. 1–1. ಸೋಲಲಿಲ್ಲವೆಂದು ನಮ್ಮ ಹುಡುಗರು ಕುಣಿದರು. ಗೋಲು ಹೊಡೆದದ್ದು ದತ್ತಾತ್ರಿ, ಅದೂ ಬೆನ್ನಿನಿಂದ, ಚೆಂಡು ಬಂದು ಬಡಿದದ್ದು ಅವನಿಗೆ ಗೊತ್ತೇ ಇರಲಿಲ್ಲ. ಸಲಾವೋದ್ದೀನ ಎಷ್ಟು ತಡೆದನೋ ಎಣಿಸುವುದನ್ನು ಬಿಟ್ಟೆ. ಅವನ ಮೊಣಕೈಗೆ ಸತ್ಯಮ್ಮ ಅರಿಶಿನ ಹಚ್ಚಿದಳು.

11 ಜನವರಿ

ಕಮಿಟಿಯಿಂದ ಕಾಗದ ಬಂತು. ನನ್ನ ಫಿರ್ಯಾದಿನ ವಿಚಾರಣೆ 26ಕ್ಕೆ, ಬೀದರದಲ್ಲಿ. ಬಾರ್ಶಿಯ ಸೆಕ್ರೆಟರಿ ವಕೀಲರಂತೆ, ಎಲ್ಲ ಹುಡುಗರ ಜನ್ಮದಾಖಲೆ ಹಿಡಿದು ತಾವೇ ಬರುತ್ತಾರಂತೆ. ಬರಲಿ. ವಕೀಲರಿಗೆ ಲೆಕ್ಕ ಬರುವುದನ್ನು ನಾನು ಎಲ್ಲೂ ಕಂಡಿಲ್ಲ.

15 ಜನವರಿ

ಇದನ್ನು ಹೇಗೆ ಬರೆಯಲಿ.

ನಿನ್ನೆ ಸಂಕ್ರಾಂತಿ. ಎಳ್ಳು ಕೊಡಲು ಧೊಂಡಿಬಾ ಬಂದಿದ್ದ. ಅವನು ಹೋದ ಮೇಲೆ ನಾನು, "ಇವನಿಗಿ ಹದಿನಾರು ಮುಗದು ಒಂಬತ್ತು ತಿಂಗಳಾತು. ಇಲ್ಲಂದ್ರ ನಾವು ಹಿಂಗ ಸೋಲ್ತಿದ್ದಿಲ್ಲ" ಎಂದೆ.

ಸತ್ಯಮ್ಮ ಒಲೆಯ ಮುಂದಿನಿಂದ ಎದ್ದಳು. "ಧೊಂಡಿಬಾಗ ಹದಿನಾರು ತುಂಬಿಲ್ರಿ."

"ರಜಿಸ್ಟರಿನಾಗ ಅದ."

"ರಜಿಸ್ಟರಿನಾಗ ಏನಾರ ಇರ್ಲಿ. ತುಂಬಿಲ್ಲ."

ಒಳಗೆ ಹೋಗಿ ಒಂದು ಕೌದಿ ತಂದಳು. ನಾನು ಆ ಕೌದಿಯನ್ನು ದಿನಾ ಕಾಣುತ್ತೇನೆ, ಮಡಚಿ ಟ್ರಂಕಿನ ಮೇಲೆ ಇಟ್ಟಿರುತ್ತಾಳೆ, ಹೊದೆಯಲು ಯಾರಿಗೂ ಕೊಡುವುದಿಲ್ಲ. ಬಿಚ್ಚಿ ಹಾಸಿದಳು. ಅಂಚಿನುದ್ದಕ್ಕೂ ಬೇರೆ ಬೇರೆ ಬಣ್ಣದ ತುಂಡುಗಳು.

"ನಮ್ಮ ಶಿವಲಿಂಗ ಹುಟ್ಟಿದ ದಿವಸಕ್ಕ, ಬಸವ ಜಯಂತಿ ಮರುದಿನ, ವರ್ಷಕ್ಕೊಂದು ತುಂಡು ಹಚ್ಚತೀನಿ. ಎಣಸ್ರಿ."

ಹದಿನೈದು ಇದ್ದವು. ಮತ್ತೆ ಎಣಿಸಿದೆ. ಹದಿನೈದೇ.

"ಶಿವಲಿಂಗ ಹುಟ್ಟಿ ಎಂಟು ದಿನಕ್ಕ ಧೊಂಡಿಬಾ ಹುಟ್ಟಿದ. ನಾ ತವರಮನಿ ಜನವಾಡದಾಗ ಇದ್ದೆ. ಮಚ್ಛೇಂದ್ರನ ಕುರಿ ಅಲ್ಲೇ ಇದ್ದವು. ನಮ್ಮ ಕೂಸು ಹನ್ನೊಂದು ದಿನಕ್ಕ ಹ್ವಾತು. ಅವರವ್ವ ಸುಂದರಬಾಯಿಗಿ ಜ್ವರ ಬಂದು ಹಾಲು ಬತ್ತಿತ್ತು. ನನ್ನ ಹಾಲು ನಿಂದರವಲ್ಲದು. ಆರು ತಿಂಗಳು ನಾನೇ ಕುಡಿಸೀನಿ."

ಮಾಸ್ತರಿಕೆಗೆ ಸೇರಿ ನಾಲ್ಕೈದು ವರ್ಷವಾಗಿದ್ದ ನನ್ನನ್ನು ಆಗ ಬೀದರಕ್ಕೆ ಟ್ರೇನಿಂಗಿಗೆ ಕಳಿಸಿದ್ದರು. ಕೂಸು ಹೋದ ಮೂರನೆಯ ದಿನ ಜನವಾಡಕ್ಕೆ ಹೋದೆ, ಮಣ್ಣು ನೋಡಿದೆ, ತಿರುಗಿ ಪರೀಕ್ಷೆಗೆ ಬಂದೆ. ಹದಿನೈದು ವರ್ಷದಲ್ಲಿ ನಾವಿಬ್ಬರೂ ಆ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ.

ಹಳೆಯ ಡೈರಿ ತೆಗೆದೆ. ಶಿವಲಿಂಗ ಹುಟ್ಟಿದ ದಿನ, ನನ್ನದೇ ಅಕ್ಷರ: ಖುರ್ದಾದ್ 12, 1343. ಅದಕ್ಕೆ 590 ಕೂಡಿಸಿದರೆ 1933. ಆದರೆ ನನ್ನ ಟ್ರೇನಿಂಗು 1934ರಲ್ಲಿ. ಸರ್ಟಿಫಿಕೇಟು ಗೋಡೆಯ ಮೇಲಿದೆ, ಅದರಲ್ಲಿ ಎರಡೂ ಸನ್ನುಗಳಿವೆ.

ಆಗ ಹೊಳೆಯಿತು. ಫಸಲಿ ವರ್ಷ ಹುಟ್ಟುವುದು ಅಕ್ಟೋಬರಿನಲ್ಲಿ. ಇಂಗ್ಲಿಷ್ ವರ್ಷ ಹುಟ್ಟುವುದು ಜನವರಿಯಲ್ಲಿ. ಅಕ್ಟೋಬರಿನಿಂದ ಡಿಸೆಂಬರ್‌ವರೆಗಷ್ಟೇ ಅಂತರ 590. ಉಳಿದ ಒಂಬತ್ತು ತಿಂಗಳಿಗೆ 591. ನಾನು ಪಟ್ಟಿ ಮಾಡಿದ್ದು ಡಿಸೆಂಬರಿನಲ್ಲಿ, ಆ ದಿನದ ಅಂತರವನ್ನೇ ಎಲ್ಲರ ಕೊರಳಿಗೂ ಕಟ್ಟಿದೆ. ಹೆಚ್ಚಿನ ಹುಡುಗರನ್ನು ಒಂದು ವರ್ಷ ಮುದುಕರನ್ನಾಗಿ ಮಾಡಿ, ನಿಜವಾಗಿ ಹದಿನೈದರವರನ್ನು ಹೊರಗೆ ಹಾಕಿ, ಹದಿನಾಲ್ಕರ ಕೂಸುಗಳನ್ನು ಮೈದಾನಕ್ಕೆ ಕಳಿಸಿದೆ. ಬಾರ್ಶಿಯವರು ಸುಳ್ಳು ಹೇಳಿಲ್ಲ.

ಜಂತ್ರಿ ನೋಡಿದ್ದರೆ ಒಂದು ಗಳಿಗೆಯ ಕೆಲಸ.

21 ಜನವರಿ

ಆರು ದಿನ ಬರೆಯಲಿಲ್ಲ. ಯೋಚಿಸಿದ್ದು ಒಂದೇ. ಫಿರ್ಯಾದು ಹಿಂದೆ ತೆಗೆದುಕೊಂಡು ಸುಮ್ಮನಾದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಾಲ್ಕು ಹುಡುಗರು ಮನೆಯಲ್ಲಿ ಉಳಿಯುತ್ತಾರೆ, ಅಷ್ಟೇ. ಏಪ್ರಿಲ್ ಬಂದರೆ ಧೊಂಡಿಬಾನಿಗೆ ನಿಜವಾಗಿಯೂ ಹದಿನಾರು ತುಂಬುತ್ತದೆ, ಆಮೇಲೆ ಈ ಲೀಗು ಅವನಿಗೆ ಎಂದೂ ಇಲ್ಲ. ನನ್ನ ಹೆಸರು ಮಾತ್ರ ಉಳಿಯುತ್ತದೆ.

ಇವತ್ತು ಸತ್ಯಮ್ಮ ಕೇಳಿದಳು: "ಬೀದರಕ್ಕ ನಾನೂ ಬರ್ತೇನ್ರಿ."

"ನೀ ಯಾಕ?"

"ಹುಟ್ಟಿದ್ದು ಕಂಡೋರು ಸಾಕ್ಷಿ ಹೇಳಬೇಕಂತ ನೀವೇ ಬರದೀರಂತಲ್ಲ."

ಹೆಡ್‌ಮಾಸ್ತರರ ಹೆಂಡತಿ ಹೇಳಿರಬೇಕು. ಈ ಊರಿನಲ್ಲಿ ಕಾಗದ ಬರೆಯುವುದೂ ಡಂಗುರ ಹೊಡೆಯುವುದೂ ಒಂದೇ.

26 ಜನವರಿ, ಬೀದರ

ಬೆಳಿಗ್ಗೆ ಧ್ವಜ ಏರಿಸಿದರು. ಇಂದಿನಿಂದ ದೇಶ ಗಣರಾಜ್ಯ. ಪೇಡೆ ಹಂಚಿದರು. ನನ್ನದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟೆ.

ಧಾನ್ಯದ ಪೇಟೆ ಗಂಜಿನಲ್ಲಿ ಒಬ್ಬ ಅಡತಿ ವರ್ತಕರ ಮಾಳಿಗೆಯ ಮೇಲೆ ಸಭೆ. ಕೆಳಗೆ ಹಮಾಲರು ತೊಗರಿ ಚೀಲ ಇಳಿಸುತ್ತಿದ್ದರು. ಬೀದರದವರು, ಭಾಲ್ಕಿಯವರು ಇದ್ದರು, ಬಾರ್ಶಿಯ ವಕೀಲರು ಕೆಂಪು ದಾರ ಕಟ್ಟಿದ ಕಾಗದದ ಕಟ್ಟು ಮುಂದಿಟ್ಟುಕೊಂಡು ನನ್ನ ಕಡೆ ನೋಡದೆ ಕುಳಿತಿದ್ದರು. ನನ್ನ ಹೆಸರು ಕರೆದರು.

ಗೋಡೆಗೆ ಧಾರಣೆ ಬರೆಯುವ ಕರಿಹಲಗೆ ಇತ್ತು. ಒರೆಸಿ, ಸುಣ್ಣದ ತುಂಡಿನಿಂದ ಎರಡು ಲೆಕ್ಕ ಬರೆದೆ. ನಾನು ಮಾಡಿದ್ದು ಒಂದು, ಸರಿಯಾದದ್ದು ಇನ್ನೊಂದು. "ಇಪ್ಪತ್ತು ವರ್ಷದಿಂದ ಲೆಕ್ಕ ಕಲಿಸ್ತೇನಿ. ಕೂಡಿಸೋದ್ರಾಗ ತಪ್ಪೀನಿ. ಬಾರ್ಶಿಯವರ ಮ್ಯಾಲ ಅಪವಾದ ಹೊರಿಸೀನಿ. ತಪ್ಪಾತ್ರಿ" ಎಂದು ವಕೀಲರಿಗೆ ಕೈ ಮುಗಿದೆ. ಅದನ್ನೇ ಮರಾಠಿಯಲ್ಲೂ ಹೇಳಿದೆ. ಯಾರೋ ಕೆಮ್ಮಿದರು. ಭಾಲ್ಕಿಯ ಗುಮಾಸ್ತ ನಗು ತಡೆಯಲು ಕಿಟಕಿಯ ಕಡೆ ತಿರುಗಿದ.

ವಕೀಲರು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು: ರಜಿಸ್ಟರು ಸಾಲದು, ಸಾಕ್ಷಿ ಬೇಕು ಎಂದು ಬರೆದವರು ನೀವು. ನಿಮ್ಮ ಹುಡುಗನಿಗೆ ಸಾಕ್ಷಿ ಯಾರು?

ಬಾಗಿಲ ಬಳಿ ಕುಳಿತಿದ್ದ ಸತ್ಯಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಬೀದರದ ಸಾಹುಕಾರರ ಮುಂದೆ, ಅಧಿಕಾರಿಗಳ ಮುಂದೆ ಕೌದಿ ಬಿಚ್ಚಿದಳು.

"ನಾ ಇದ್ದೀನ್ರಿ ಸಾಕ್ಷಿ. ಹುಟ್ಟಿದ್ದು ಕಂಡಾಕಿ ಅಷ್ಟೇ ಅಲ್ಲ, ಹಾಲು ಕುಡಿಸಿದಾಕಿ. ನನ್ನ ಮಗ ಶಿವಲಿಂಗ ಬಸವ ಜಯಂತಿ ಮರುದಿನ ಹುಟ್ಟಿದ. ಎಂಟು ದಿನಕ್ಕ ಇವ ಹುಟ್ಟಿದ. ನನ್ನವ ಇಲ್ಲ. ವರ್ಷಾ ಒಂದು ತುಂಡು ಹಚ್ಚೀನಿ. ಎಣಸ್ರಿ ನೀವೇ."

ವಕೀಲರು ಎದ್ದು ಬಂದು ನೆಲದ ಮೇಲೆ ಕುಳಿತು, ಒಂದೊಂದೇ ತುಂಡಿಗೆ ಬೆರಳಿಟ್ಟು ಎಣಿಸಿದರು. ಹದಿನೈದಕ್ಕೆ ಬೆರಳು ನಿಂತಿತು. ಹಿಂದೆ ಹೋಗಿ ಕೆಂಪು ದಾರದ ಕಟ್ಟನ್ನು ಬಿಚ್ಚದೆ ಚೀಲಕ್ಕೆ ಹಾಕಿದರು. "ಇನ್ನು ನಮ್ಮದೇನೂ ತಕರಾರಿಲ್ಲ" ಎಂದರು. ನಾಲ್ವರೂ ಆಡಬಹುದೆಂದು ಕಮಿಟಿ ಬರೆದುಕೊಟ್ಟಿತು.

ನನಗೆ ಅಳು ಬಂತು. ನಾಚಿಕೆಯಿಂದಲೋ ಬೇರೆ ಯಾವುದರಿಂದಲೋ ತಿಳಿಯಲಿಲ್ಲ. ಮೆಟ್ಟಿಲಿಳಿಯುವಾಗ ಸತ್ಯಮ್ಮ, "ಪೇಡೆ ಎಲ್ಲಿ ಹಂಚಲತ್ತಾರ್ರಿ?" ಎಂದಳು. ನನ್ನ ಜೇಬಿನಲ್ಲಿದ್ದುದನ್ನು ಕೊಟ್ಟೆ.

29 ಜನವರಿ, ಔರಾದ

ಊರಿಗೆಲ್ಲ ಗೊತ್ತಾಗಿದೆ. ಕಿರಾಣಿ ಅಂಗಡಿಯಲ್ಲಿ ನನ್ನನ್ನು "ಐನೂರ ತೊಂಬತ್ತು ಮಾಸ್ತರ" ಎನ್ನುತ್ತಿದ್ದಾರೆ. ಮೂರನೆಯ ಇಯತ್ತೆಯ ಹುಡುಗನೊಬ್ಬ ಬೋರ್ಡಿನ ಮೇಲೆ ಬರೆದಿಟ್ಟಿದ್ದ. ಅದರ ಪಕ್ಕದಲ್ಲೇ ಒಂದು ಕೂಡಿಸಿ ತೋರಿಸಿ, ಈ ಲೆಕ್ಕವನ್ನು ಎಲ್ಲರಿಂದ ಐದು ಸಲ ಬರೆಸಿದೆ.

ಧೊಂಡಿಬಾ ಮೈದಾನಕ್ಕೆ ಬಂದ. ರಶೀದ ಸಾಹೇಬರು ಅವನಿಗೆ ಹೇಳಿದ್ದು ಇಷ್ಟೇ: "ನೀ ಕುರಿ ಹ್ಯಾಂಗ ತಿರಗಿಸ್ತಿ, ಇವರನ್ನ ಹಾಂಗೇ ತಿರಗಸು." ಒಂದು ಸಿಳ್ಳಿಗೆ ಎಲ್ಲರೂ ಎಡಕ್ಕೆ, ಎರಡಕ್ಕೆ ಬಲಕ್ಕೆ, ಉದ್ದ ಸಿಳ್ಳಿಗೆ ನಿಂತಲ್ಲೇ. ಸಂಜೆಯ ಹೊತ್ತಿಗೆ ಹುಡುಗರಿಗೆ ಅಭ್ಯಾಸವಾಯಿತು. ಮೈದಾನದಂಚಿನ ಕುರಿಗಳಿಗೆ ಮಾತ್ರ ಬಹಳ ಗಲಿಬಿಲಿ.

5 ಫೆಬ್ರುವರಿ

ಭಾಲ್ಕಿಯವರ ಮೇಲೆ 3–1! ಮೂರು! ಭಾಲ್ಕಿಯ ಗುಮಾಸ್ತ ಜಂತ್ರಿಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದ, ನನಗೆ ತೋರಿಸಲೆಂದು. ಮೂರನೆಯ ಗೋಲಿನ ನಂತರ ಅದರಿಂದಲೇ ಗಾಳಿ ಬೀಸಿಕೊಂಡ.

6 ಫೆಬ್ರುವರಿ

ಒಂದು ತಪ್ಪು ಒಪ್ಪಿಕೊಂಡ ಮೇಲೆ ಇನ್ನೊಂದು ಸುಮ್ಮನೆ ಕೂರಗೊಡುವುದಿಲ್ಲ. ಇವತ್ತು ರಶೀದ ಸಾಹೇಬರ ಮನೆಗೆ ಹೋದೆ. ಅವರು ಚೆಂಡಿನ ಲೇಸು ಬಿಗಿಯುತ್ತಿದ್ದರು. "ಆ ಸಂಜಿ ಬಾಗಿಲು ಬಡದೋರು ನೀವೇನ್ರಿ?" ಎಂದು ಕೇಳಿದೆ.

"ಹೌದ್ರಿ. ಎರಡು ಸಲ ಬಡದೆ."

"ನಾ ಒಳಗೇ ಇದ್ದೆ."

"ಗೊತ್ತದ. ಕಂದೀಲಿನ ಬೆಳಕು ಸಣ್ಣ ಮಾಡಿದ್ರಿ."

ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಿದೆ. ಅವರು ಬಹಳ ಹೊತ್ತು ಲೇಸು ಎಳೆದರು. ಆಮೇಲೆ, "ಇಲ್ಲಿ ಬೆರಳಿಡ್ರಿ, ಗಂಟು ಹಾಕಬೇಕು" ಎಂದರು. ಇಟ್ಟೆ. ಮುನವ್ವರ ಬೇಗಂ ಒಳಗಿನಿಂದ ಚಹಾ ಕಳಿಸಿದರು. ಇನ್ನು ಬಾವಿಯ ಕಡೆಯಿಂದ ಸುತ್ತು ಹಾಕುವುದಿಲ್ಲ.

12 ಫೆಬ್ರುವರಿ, ಬೀದರ

4–0. ಬೀದರದ ಮಂದಿ ನನ್ನನ್ನು ಕಂಡಾಗಲೆಲ್ಲ "ಐನೂರ ತೊಂಬತ್ತು!" ಎಂದು ಕೂಗುತ್ತಿದ್ದರು. ನಾಲ್ಕನೆಯ ಗೋಲಿಗೆ ನಾನೇ ಬೆಂಚಿನ ಮೇಲೆ ಹತ್ತಿ "ತೊಂಬತ್ತೊಂದು!" ಎಂದು ಕೂಗಿದೆ. ಧ್ವನಿ ಹೋಗಿದೆ. ನಾಳೆ ಪಾಠ ಹೇಗೆ ಮಾಡುವುದು?

ಈ ಸಲದ ಲೆಕ್ಕ ಮೂರು ಸಲ ನೋಡಿದ್ದೇನೆ. ಉಳಿದ ಮೂರೂ ಊರುಗಳು ಒಂದನ್ನೊಂದು ಸೋಲಿಸಿಕೊಂಡು ಕುಳಿತಿವೆ. ಭಾಲ್ಕಿ ಆರು ಅಂಕ, ಬಾರ್ಶಿ ಆರು, ಬೀದರ ಐದು. ನಾವು ಐದು. ಉಳಿದದ್ದು ಒಂದೇ ಆಟ, ನಾವು ಮತ್ತು ಬಾರ್ಶಿ, ಅವರ ಊರಿನಲ್ಲಿ. ಗೆದ್ದರೆ ಎರಡು ಅಂಕ, ಬಹುಮಾನದ ಕಪ್ಪು ನಮ್ಮದು. ಸಮ ಆದರೆ ಅವರದು.

17 ಫೆಬ್ರುವರಿ, ಕಮಲನಗರದ ಸ್ಟೇಷನ್

ಬೆಳಿಗ್ಗೆ ಔರಾದದಿಂದ ಎರಡು ಬಂಡಿ ಹೊರಟವು. ಹುಡುಗರು ಹತ್ತಿದರು, ಚೆಂಡು ಹತ್ತಿತು, ಸತ್ಯಮ್ಮನ ರೊಟ್ಟಿಯ ಗಂಟು ಹತ್ತಿತು. ಓಣಿಯ ತುದಿಯಲ್ಲಿ ರಶೀದ ಸಾಹೇಬರು ಶೇರ್ವಾನಿ ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಟ್ರಂಕು.

"ಸರಕ್ರಿ" ಎಂದು ನನ್ನ ಪಕ್ಕ ಕುಳಿತರು.

ನಾನು ಸರಿದೆ. ಸಲಾವೋದ್ದೀನ ದಾರಿಯುದ್ದಕ್ಕೂ ಹಲ್ಲು ಕಿಸಿಯುತ್ತಿದ್ದ.

18 ಫೆಬ್ರುವರಿ, ಬಾರ್ಶಿ

ಎರಡು ರೈಲು ಬದಲಿಸಿದೆವು. ಕೊನೆಯದು ಬಾರ್ಶಿಯ ಸಣ್ಣ ರೈಲು, ಇಳಿದು ಓಡಿದರೆ ನಮ್ಮ ದತ್ತಾತ್ರಿಯೇ ಅದಕ್ಕಿಂತ ಮುಂದೆ. ಸರಹದ್ದಿನ ಕರೋಡಗಿರಿ ನಾಕಾದಲ್ಲಿ ಸುಂಕದವನು ಚೆಂಡು ಹಿಡಿದು ಅಲುಗಿಸಿ, "ಒಳಗೇನದ?" ಎಂದ. ಗಾಳಿ ಎಂದೆವು. ನಂಬಲಿಲ್ಲ. ರಶೀದ ಸಾಹೇಬರು ಲೇಸು ಬಿಚ್ಚಿ ಬ್ಲ್ಯಾಡರು ಹೊರತೆಗೆದು, ಅವನ ಮುಖದ ಮುಂದೆಯೇ ಗಾಳಿ ಬಿಟ್ಟರು. "ಇದು ಔರಾದದ ಗಾಳಿ ಸಾಹೇಬ್ರೆ. ಸುಂಕ ಎಷ್ಟು?" ನಾಕಾದವನೂ ನಕ್ಕ.

ವಕೀಲರು ಸ್ಟೇಷನ್ನಿಗೆ ಬಂದಿದ್ದರು. ಮೊದಲು ಕೇಳಿದ್ದು ಸತ್ಯಮ್ಮನ ಕ್ಷೇಮ.

19 ಫೆಬ್ರುವರಿ, ಬಾರ್ಶಿ

ಗೆದ್ದೆವು. ಗೆದ್ದೆವು. ಗೆದ್ದೆವು. ಕನ್ನಡದಲ್ಲಿ ಈ ಶಬ್ದ ಬರೆಯಲು ಎಷ್ಟು ಚೆನ್ನಾಗಿದೆ.

ಮೊದಲರ್ಧದಲ್ಲಿ ಅವರು ಎರಡು ಹೊಡೆದರು. ನಮ್ಮದು ಏನೂ ಇಲ್ಲ. ಬಾರ್ಶಿಯ ಮಂದಿ ತಗಡಿನ ಡಬ್ಬಿ ಬಡಿಯುತ್ತಿದ್ದರು, ಅದರ ಗದ್ದಲಕ್ಕೆ ಧೊಂಡಿಬಾನ ಸಿಳ್ಳು ಯಾರಿಗೂ ಕೇಳಿಸುತ್ತಿರಲಿಲ್ಲ. ವಿರಾಮದಲ್ಲಿ ರಶೀದ ಸಾಹೇಬರು ಕೇಳಿದರು: "ಗಾಳಿ ಮಳಿಯಾಗ ಕುರಿಗಿ ಸಿಳ್ಳು ಕೇಳ್ಸಂಗಿಲ್ಲ. ಆವಾಗ ಏನ್ ಮಾಡ್ತಿ?"

"ಮುಂದಿನ ಕುರಿ ಹಿಡದು ನಾನೇ ನಡೀತೇನ್ರಿ. ಉಳಿದವು ಬರ್ತಾವ."

"ಹಾಂಗೇ ಮಾಡು."

ಅವನು ಹಾಗೇ ಮಾಡಿದ. ಚೆಂಡು ಹಿಡಿದು ಎಡಕ್ಕೆ ನಡೆದ, ನಮ್ಮವರೂ ಹಿಂದೆ ಹೋದರು, ಅವರೂ ಹೋದರು. ಬಲಕ್ಕೆ ಒದ್ದ, ಅಲ್ಲಿ ನಮ್ಮ ಇನ್ನೊಬ್ಬ ಹದಿನೈದರವನಿದ್ದ, ಗೋಲು. ಐದು ನಿಮಿಷಕ್ಕೆ ಧೊಂಡಿಬಾ ಅಂಗಿ ಹರಿದುಕೊಂಡು ನಾಲ್ವರ ನಡುವೆ ನುಗ್ಗಿ ಎರಡನೆಯದು ಹೊಡೆದ. 2–2. ಸಮ. ಸಮವಾದರೆ ಕಪ್ಪು ಅವರದು.

ಇನ್ನೇನು ಮುಗಿಯಬೇಕು, ಧೊಂಡಿಬಾ ಮತ್ತೆ ಚೆಂಡು ಹಿಡಿದು ಎಡಮೂಲೆಗೆ ನಡೆದ. ಈ ಸಲ ಬಾರ್ಶಿಯ ಇಡೀ ಟೀಮು ಅವನ ಹಿಂದೆ. ಬಲಗಡೆ ಗೋಲಿನ ಮುಂದೆ ಒಬ್ಬನೇ ಉಳಿದ, ದತ್ತಾತ್ರಿ. ಅಷ್ಟು ಸಣ್ಣವನನ್ನು ಕಾಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ನನ್ನ ತಪ್ಪು ಲೆಕ್ಕದಿಂದ ಟೀಮಿಗೆ ಬಂದು, ಐದು ಗೋಲಿನ ದಿನವೂ ಆರು ಗೋಲಿನ ದಿನವೂ ಒದೆಸಿಕೊಂಡ ಹುಡುಗ. ಚೆಂಡು ಅವನ ಕಾಲಿಗೆ ಬಂತು. ಬೆನ್ನಿಗಲ್ಲ, ಕಾಲಿಗೆ.

ಗೋಲು.

ನಾನು ಮೈದಾನದೊಳಗೆ ಓಡಿದೆ. ಧೋತರ ಕಾಲಿಗೆ ಸಿಕ್ಕಿ ಬಿದ್ದೆ. ಎತ್ತಿದವರು ರಶೀದ ಸಾಹೇಬರು. ಇಬ್ಬರೂ ಅಪ್ಪಿಕೊಂಡು ನಿಂತೆವು, ಅವರು "ಮಾಸ್ತರ, ಮಾಸ್ತರ" ಎನ್ನುತ್ತಿದ್ದರು, ನಾನು ಏನೆಂದೆನೋ ನೆನಪಿಲ್ಲ. ಹುಡುಗರು ಧೊಂಡಿಬಾನನ್ನು ಹೊತ್ತರು, ಧೊಂಡಿಬಾ ದತ್ತಾತ್ರಿಯನ್ನು ಹೊತ್ತ. ಬಾರ್ಶಿಯವರ ಡಬ್ಬಿಗಳು ನಿಲ್ಲಲಿಲ್ಲ. ಈಗ ನಮಗಾಗಿ ಬಡಿಯುತ್ತಿದ್ದರು. ವಕೀಲರು ಕಪ್ಪು ಕೊಡುವಾಗ ನನ್ನ ಕಿವಿಯಲ್ಲಿ, "ನಿಮ್ಮ ಗೋಲು ಮೂರೇ ತಾನೆ? ಇನ್ನೊಮ್ಮೆ ಎಣಿಸಿ" ಎಂದರು.

ಎಣಿಸಿದೆ. ಮೂರು.

21 ಫೆಬ್ರುವರಿ, ರೈಲಿನಲ್ಲಿ

ನಾಕಾದವನು ಕಪ್ಪು ನೋಡಿ, "ಇದರಾಗೇನದ?" ಎಂದ. ಹುಡುಗರೆಲ್ಲ ಒಟ್ಟಿಗೆ, "ಬಾರ್ಶಿ ಗಾಳಿರಿ!" ಎಂದರು.

22 ಫೆಬ್ರುವರಿ, ಔರಾದ

ಊರಿನ ಅಗಸಿಯಲ್ಲಿ ಹಲಗೆ ಬಡಿದು ಬರಮಾಡಿಕೊಂಡರು. ಮಚ್ಛೇಂದ್ರ ಕಂಬಳಿ ಹಾಸಿ ಮಗನನ್ನು ಅದರ ಮೇಲೆ ನಡೆಸಿದ. ಶಿವರಾಜಪ್ಪನವರು ಡ್ರಿಲ್ ಮಾಸ್ತರರ ಜಾಗಕ್ಕೆ ರಶೀದ ಅಹ್ಮದರನ್ನು ತಿರುಗಿ ತೆಗೆದುಕೊಳ್ಳಬೇಕೆಂದು ಮೇಲಿನವರಿಗೆ ಕಾಗದ ಬರೆಸಿದರು. ಬರೆದವನು ನಾನು. ಇಡೀ ಊರು ಸಹಿ ಹಾಕಿತು. ಮೊದಲ ಸಹಿ ನನ್ನದು.

ಸತ್ಯಮ್ಮ ಧೊಂಡಿಬಾನ ಹರಿದ ಅಂಗಿ ಹೊಲಿಯಲು ತೆಗೆದುಕೊಂಡಳು. ಹೊಸ ಅಂಗಿ ಕೊಟ್ಟು ಕಳಿಸಿದಳು. ಹಳೆಯದನ್ನು ಒಗೆದು ಟ್ರಂಕಿನ ಮೇಲೆ ಇಟ್ಟಿದ್ದಾಳೆ.

21 ಏಪ್ರಿಲ್ 1950

ಬಹಳ ದಿನ ಬರೆಯಲಿಲ್ಲ. ರಶೀದ ಸಾಹೇಬರು ಸೋಮವಾರದಿಂದ ಕೆಲಸಕ್ಕೆ ಬಂದಿದ್ದಾರೆ. ಮುಂದಿನ ವರ್ಷದ ಟೀಮಿಗೆ ಹುಡುಗರನ್ನು ಹುಡುಕುತ್ತಿದ್ದೇವೆ. ಧೊಂಡಿಬಾನಿಗೆ ಇನ್ನು ನಾಲ್ಕು ದಿನಕ್ಕೆ ಹದಿನಾರು ತುಂಬುತ್ತದೆ. ಅವನು ಸಣ್ಣ ಹುಡುಗರಿಗೆ ಸಿಳ್ಳು ಹಾಕುವುದನ್ನು ಕಲಿಸುತ್ತಾನಂತೆ.

ನಿನ್ನೆ ಬಸವ ಜಯಂತಿ. ಜಂತ್ರಿ ನೋಡಿ ಹೇಳುವುದಾದರೆ ನಮ್ಮ ಮಗನ ದಿನ 17ಕ್ಕೇ ಆಗಿಹೋಯಿತು. ಸತ್ಯಮ್ಮನ ಲೆಕ್ಕಕ್ಕೆ ಇವತ್ತು. ಅವಳ ಲೆಕ್ಕವೇ ಇರಲಿ.

ಬೆಳಿಗ್ಗೆ ಧೊಂಡಿಬಾ ಉಣ್ಣಲು ಬಂದ. ಈ ಸಲ ಅವನಿಗೆ ಮೊದಲು ಬಡಿಸಿದವನು ನಾನು. ಊಟವಾದ ಮೇಲೆ ಸತ್ಯಮ್ಮ ಬಾರ್ಶಿಯಲ್ಲಿ ಹರಿದ ಆ ಅಂಗಿಯಿಂದ ಒಂದು ಚೌಕ ಕತ್ತರಿಸಿ ಕೌದಿಗೆ ಹಚ್ಚಲು ಕುಳಿತಳು. ಸೂಜಿಗೆ ದಾರ ಪೋಣಿಸಿಕೊಟ್ಟೆ. ಹದಿನೈದು ವರ್ಷ ಅವಳು ಒಬ್ಬಳೇ ಪೋಣಿಸಿದ್ದಳು.

ನಾನು ಈ ನೋಟ್‌ಬುಕ್ ತೆಗೆದು, ಟೀಮಿನ ಪಟ್ಟಿ ಬರೆಯುವ ರೀತಿಯಲ್ಲೇ ಒಂದು ಸಾಲು ಬರೆದೆ.

ಶಿವಲಿಂಗ, ತಂದೆ ಬಕ್ಕಪ್ಪ, ತಾಯಿ ಸತ್ಯಮ್ಮ. ಖುರ್ದಾದ್ 12, 1343. ಕೂಡಿಸು 591. 1934, ಏಪ್ರಿಲ್ 17. ಆಡಬಹುದಿತ್ತು.

ಓದಿ ಹೇಳಿದೆ. ಸತ್ಯಮ್ಮ ದಾರವನ್ನು ಹಲ್ಲಿನಿಂದ ಕಡಿದು, ಹದಿನಾರನೆಯ ತುಂಡಿನ ಮೇಲೆ ಕೈಯಾಡಿಸಿದಳು.

"ಲೆಕ್ಕ ಸರಿ ಅದನ್ರಿ?"

"ಈ ಸಲ ಸರಿ ಅದ" ಎಂದೆ.